ಬೆಂಗಳೂರು ಎಫ್‌ಸಿ: 2017–18ರ ಆವೃತ್ತಿ

ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ಗೆ ಕಾಲಿಟ್ಟ ಮೊದಲ ಆವೃತ್ತಿ ಇದು. ಕ್ಲಬ್ಬನ್ನು 2013ರಲ್ಲಿ ಕಟ್ಟಿದ್ದು ಜೆಎಸ್‌ಡಬ್ಲ್ಯೂ ಸಮೂಹ; ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಇದೇ ಸಮೂಹದ್ದು. ಐ-ಲೀಗ್ ಪ್ರಶಸ್ತಿಯನ್ನು ಎರಡು ಬಾರಿ ಗೆದ್ದಿದ್ದ ತಂಡ ಹೊಸ ಕಣದಲ್ಲಿ ತಡವರಿಸಲಿಲ್ಲ.

ಸ್ಪೇನಿನ ತರಬೇತುದಾರ ಆಲ್ಬರ್ಟ್ ರೋಕಾ ಮಾರ್ಗದರ್ಶನದಲ್ಲಿ 18 ಪಂದ್ಯಗಳಿಂದ 40 ಅಂಕ ಗಳಿಸಿ, ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿಗಿಂತ 8 ಅಂಕ ಮುಂದೆ ನಿಂತಿತು. ಆದರೆ ಅಗ್ರಸ್ಥಾನಕ್ಕೆ ಆಗ ಪ್ರತ್ಯೇಕ ಪ್ರಶಸ್ತಿಯೇ ಇರಲಿಲ್ಲ. ತಿಂಗಳುಗಟ್ಟಲೆಯ ಆಟದ ಫಲವನ್ನು ಪ್ಲೇ-ಆಫ್‌ನ ಮೂರೇ ಪಂದ್ಯಗಳಿಗೆ ಒಪ್ಪಿಸುವ ಈ ವ್ಯವಸ್ಥೆ ಬೆಂಗಳೂರಿಗೆ ದುಬಾರಿಯಾಯಿತು.

ಸೆಮಿಫೈನಲ್‌ನಲ್ಲಿ ನಾಯಕ ಸುನಿಲ್ ಛೆಟ್ರಿಯ ಹ್ಯಾಟ್ರಿಕ್ ಪುಣೆ ಸಿಟಿಯನ್ನು ಹೊರಗಟ್ಟಿತು. 2018ರ ಮಾರ್ಚ್ 17ರಂದು ಚೆನ್ನೈಯಿನ್ ವಿರುದ್ಧದ ಫೈನಲ್ ನಡೆದದ್ದು ತವರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲೇ. 9ನೇ ನಿಮಿಷದಲ್ಲಿ ಉದಾಂತ ಸಿಂಗ್ ಬಲಬದಿಯಿಂದ ಕಳಿಸಿದ ಚೆಂಡಿಗೆ ಛೆಟ್ರಿ ಹಾರಿ ತಲೆಕೊಟ್ಟರು, ಬೆಂಗಳೂರಿಗೆ ಮುನ್ನಡೆ. ಮುಂದಿನದು ನೋವಿನ ಕಥೆ. ಚೆನ್ನೈಯಿನ್ ತಂಡದ, ಬ್ರೆಜಿಲ್‌ನ ರಕ್ಷಣಾ ಆಟಗಾರ ಮೈಲ್ಸನ್ ಆಲ್ವೆಸ್ 17 ಮತ್ತು 45ನೇ ನಿಮಿಷಗಳಲ್ಲಿ, ಎರಡೂ ಸಲ ಕಾರ್ನರ್ ಕಿಕ್‌ನಿಂದ ಬಂದ ಚೆಂಡನ್ನೇ ತಲೆಯಿಂದ ಗುದ್ದಿ ಗೋಲು ಹೊಡೆದರು. ಒಂದೇ ಬಗೆಯ ದಾಳಿಗೆ ಎರಡು ಸಲ ಮಣಿದದ್ದೇ ಸೋಲಿನ ಮೂಲ. 67ನೇ ನಿಮಿಷದಲ್ಲಿ ರಫಾಯಲ್ ಆಗಸ್ಟೊ ಮೂರನೆಯದನ್ನು ಸೇರಿಸಿದರು. 90 ನಿಮಿಷ ಮುಗಿದ ಮೇಲಿನ ಇಂಜುರಿ ಸಮಯದಲ್ಲಿ ಬೆಂಗಳೂರಿನ ಮಿಕು ಗೋಲು ಗಳಿಸಿದರೂ ಪಂದ್ಯ 3–2ರಿಂದ ಚೆನ್ನೈಯಿನ್ ಪಾಲಾಯಿತು.

ಮರುತಿಂಗಳೇ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 4–1ರಿಂದ ಸೋಲಿಸಿ ತಂಡ ಸೂಪರ್ ಕಪ್ ಗೆದ್ದಿತು. ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ದಕ್ಕಿದ್ದು 2019ರಲ್ಲಿ, ಗೋವಾ ವಿರುದ್ಧದ ಫೈನಲ್‌ನಲ್ಲಿ ರಾಹುಲ್ ಭೇಕೆ ಹೊಡೆದ ಏಕೈಕ ಗೋಲಿನಿಂದ.