ಪಟ ಮನೆಮನೆಗೆ ಬಂತು, ಹಕ್ಕು ಯಾರ ಕೈಗೆ ಹೋಯಿತು?

ಕಮಲದ ಮೇಲೆ ನಿಂತ ಲಕ್ಷ್ಮಿ, ಪಕ್ಕದಲ್ಲಿ ಆನೆ. ಬಂಡೆಯ ಮೇಲೆ ಕೂತು ವೀಣೆ ನುಡಿಸುವ ಸರಸ್ವತಿ, ಹತ್ತಿರದಲ್ಲೊಂದು ನವಿಲು. ನಮ್ಮೂರುಗಳ ದೇವರ ಕೋಣೆಯಲ್ಲಿ, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕಾಣುವ ಇಂಥ ಪಟಗಳ ಮೂಲ ರಾಜಾ ರವಿವರ್ಮರ ಚಿತ್ರಗಳು. ಅವರು ಬರೆದ ಕತೆ ಎಲ್ಲರಿಗೂ ಗೊತ್ತು. ಮಾರಿದ ಕತೆಯನ್ನು ನಾವು ಇಲ್ಲಿ ಹೇಳುತ್ತೇವೆ.

ರವಿವರ್ಮರು ಹುಟ್ಟಿದ್ದು 1848ರಲ್ಲಿ, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ಆಗ ಎಣ್ಣೆಬಣ್ಣದ ಚಿತ್ರ ಕೊಳ್ಳುವ ಶಕ್ತಿ ಇದ್ದದ್ದು ಅರಸರಿಗೆ, ದಿವಾನರಿಗೆ, ಬ್ರಿಟಿಷ್ ಅಧಿಕಾರಿಗಳಿಗೆ. ರವಿವರ್ಮರು ಪ್ರದರ್ಶನಗಳಿಗೆ ಚಿತ್ರ ಕಳಿಸಿ, ಬಹುಮಾನ ಗೆದ್ದು ಹೆಸರು ಮಾಡಿದರು. ಆಮೇಲೆ ಆಸ್ಥಾನಗಳೇ ಕರೆದವು. ಬರೋಡಾದ ಸಯಾಜಿರಾವ್ ಗಾಯಕವಾಡರು ಪುರಾಣದ 14 ಚಿತ್ರಗಳನ್ನು ಬರೆಸಿದರು. ಮೈಸೂರು ಅರಮನೆಗೂ ಬರೆದರು. ಜಗನ್ಮೋಹನ ಅರಮನೆಯಲ್ಲಿ ಅವರ ಚಿತ್ರಗಳನ್ನು ಇಂದಿಗೂ ನೋಡಬಹುದು.

ಆದರೆ ಒಂದು ಚಿತ್ರ ಒಬ್ಬರಿಗೆ ಮಾತ್ರ ಮಾರಾಟ. ತಮ್ಮ ರಾಜರಾಜವರ್ಮ ಜೊತೆಗೆ ಕೂತರೂ ಬೇಡಿಕೆ ಪೂರೈಸುವುದು ಕಷ್ಟವಾಗಿತ್ತು. ಚಿತ್ರಗಳನ್ನು ಯುರೋಪಿನಲ್ಲಿ ಅಚ್ಚು ಹಾಕಿಸಿ ಎಂದು ದಿವಾನ ಟಿ. ಮಾಧವರಾವ್ ಹಿಂದೆಯೇ ಸಲಹೆ ಕೊಟ್ಟಿದ್ದರು. ರವಿವರ್ಮರು ಒಂದು ಹೆಜ್ಜೆ ಮುಂದೆ ಹೋಗಿ, 1894ರಲ್ಲಿ ಪಾಲುದಾರರೊಬ್ಬರ ಜೊತೆ ಮುಂಬಯಿಯಲ್ಲಿ ಸ್ವಂತ ಪ್ರೆಸ್ ತೆರೆದರು. ಯಂತ್ರ ಜರ್ಮನಿಯದು, ನುರಿತ ಕೆಲಸಗಾರರೂ ಅಲ್ಲಿಯವರೇ. ಚಿತ್ರದ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಕಾಗದವನ್ನು ಸಾಲಾಗಿ ಎಲ್ಲ ಕಲ್ಲುಗಳ ಮೇಲೂ ಒತ್ತಿದರೆ ಪೂರ್ತಿ ಚಿತ್ರ. ಅರಮನೆಯ ಗೋಡೆಯಲ್ಲಿದ್ದ ದೇವರು ಬಡವರ ಮನೆಗೂ ಬಂದದ್ದು ಹೀಗೆ.

ಪಟಗಳು ಹಬ್ಬಿದವು, ಪ್ರೆಸ್ ಮಾತ್ರ ಸೊರಗಿತು. ಮುಂಬಯಿಗೆ ಪ್ಲೇಗ್ ಬಂತು. ಪಾಲುದಾರಿಕೆ ಮುರಿಯಿತು. ಪ್ರೆಸ್ಸನ್ನು ಲೋಣಾವಳ ಹತ್ತಿರದ ಮಳವಲಿಗೆ ಸಾಗಿಸಿದರು. ಸಾಲ ಏರಿತು. ಕುಂಚ ಹಿಡಿಯುವುದು ಒಂದು ಕಸುಬು, ಕಾರ್ಖಾನೆ ನಡೆಸುವುದು ಇನ್ನೊಂದು. ಕೊನೆಗೆ ಪ್ರೆಸ್ಸನ್ನು ಅಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್‌ಗೆ ಮಾರಿದರು. ಯಂತ್ರದ ಜೊತೆ ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಹೋಯಿತು. 1906ರಲ್ಲಿ ರವಿವರ್ಮರು ತೀರಿಕೊಂಡರು. ಅವರ ಹೆಸರು ಹೊತ್ತ ಪ್ರೆಸ್ ಬೇರೆಯವರ ಕೈಯಲ್ಲಿ ದಶಕಗಳ ಕಾಲ ನಡೆಯಿತು.

ಚಿತ್ರ ಮಾರುವುದು ಬೇರೆ, ಅದನ್ನು ಅಚ್ಚು ಹಾಕುವ ಹಕ್ಕು ಮಾರುವುದು ಬೇರೆ. ಇವತ್ತು ಹಸೆ ಚಿತ್ತಾರ ಬರೆಯುವ ಅಕ್ಕನಿಗೂ, ಗೋಡೆಗೆ ಚಿತ್ರ ಬರೆಯುವ ಅಣ್ಣನಿಗೂ ಈ ಮಾತು ಬೇಕು. ಫೋನಿನಲ್ಲಿ ತೆಗೆದ ಒಂದು ಫೋಟೊ ಸಾಕು, ನಿಮ್ಮ ಚಿತ್ರ ಚೀಲದ ಮೇಲೆ, ಲಗ್ನಪತ್ರಿಕೆಯ ಮೇಲೆ ಅಚ್ಚಾಗಲು.

1957ರ ಹಕ್ಕುಸ್ವಾಮ್ಯ ಕಾಯ್ದೆ ಹೇಳುವುದಿಷ್ಟು. ನೀವೇ ಬರೆದು ಆಮೇಲೆ ಮಾರಿದ ಚಿತ್ರದ ಹಕ್ಕು ನಿಮ್ಮದೇ; ಕೊಂಡವರಿಗೆ ಹೋಗುವುದು ಚಿತ್ರ ಮಾತ್ರ. ಆದರೆ ಒಬ್ಬರು ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದು. ಹಾಗಾಗಿ ಮುಂಗಡ ಹಿಡಿಯುವ ಮೊದಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಹಕ್ಕನ್ನು ಬಿಟ್ಟುಕೊಡುವುದಾದರೂ ಬರಹದಲ್ಲೇ ಆಗಬೇಕು: ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಎಲ್ಲೆಲ್ಲಿ, ಎಷ್ಟು ದುಡ್ಡಿಗೆ. ವರ್ಷ ನಮೂದಿಸದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಎಣಿಸುತ್ತದೆ.

ಚಿತ್ರದ ಮೂಲೆಯಲ್ಲಿ ಸಹಿ ಹಾಕುವಷ್ಟೇ ಜೋಪಾನವಾಗಿ ಆ ಹಾಳೆಗೂ ಸಹಿ ಮಾಡಿ. ಒಂದು ಪ್ರತಿ ನಿಮ್ಮ ಬಳಿ ಇರಲಿ.