ಡೇರೆ ಗಡ್ಡೆಯ ಪಂಚಾಂಗ

ಶಿರಸಿ, ಸಿದ್ದಾಪುರದ ಕಡೆ ನಮ್ಮ ಮನೆಗಳಲ್ಲಿ ಮಳೆ ನಕ್ಷತ್ರದ ಲೆಕ್ಕ ಎರಡಕ್ಕೆ ಬೇಕಿತ್ತು: ಗದ್ದೆಗೆ, ಡೇರೆ ಹೂವಿಗೆ, ಅಂದರೆ ಡೇಲಿಯಾಕ್ಕೆ. ಗದ್ದೆಯದನ್ನು ಗಂಡಸರು ಇಡುತ್ತಿದ್ದರು. ಡೇರೆಯದು ಪೂರ್ತಿ ಹೆಂಗಸರ ಕೈಯಲ್ಲಿತ್ತು.

"ಎಲ್ಲಾ ಒಂದೇ ದಿನ ನೆಡಡ ತಂಗಿ, ಒಂದೇ ಸಲಕ್ಕೆ ಮುಗದ್ ಹೋಗ್ತು" ಎಂದು ಅತ್ತೆ ಹೇಳಿಕೊಟ್ಟದ್ದೇ ಆ ಲೆಕ್ಕದ ಮೂಲ. ರೋಹಿಣಿ ಮಳೆಗೆ ಮುಂಚೆ ಮೊಳೆತ ಗಡ್ಡೆಗಳನ್ನು ಬಿಡಿಸಿ, ಒಂದೊಂದರ ಕುತ್ತಿಗೆಯಲ್ಲೂ ಕಣ್ಣಿದೆಯೇ ನೋಡಿ ನೆಡಬೇಕು. ಕಣ್ಣಿಲ್ಲದ ಗಡ್ಡೆ ಎಷ್ಟು ದಪ್ಪಗಿದ್ದರೂ ಚಿಗುರದು. ಹೀಗೆ ನೆಟ್ಟದ್ದು ಶ್ರಾವಣದ ಹೂವಿಗೆ. ಗಿಡ ಗೇಣುದ್ದವಾದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಚಿವುಟಿದ ಕುಡಿಯನ್ನು ಆರಿದ್ರೆ ಮಳೆಯಲ್ಲಿ ಮರಳು ಬೆರೆಸಿದ ಮಣ್ಣಿಗೆ ಊರಿದರೆ ಅದೇ ಚೌತಿಯ ಹೂವಿನ ಗಿಡ. ಪುನರ್ವಸುವಿನಲ್ಲಿ ಊರಿದ್ದು ನವರಾತ್ರಿಗೆ. ನೆಟ್ಟು ಎರಡು, ಎರಡೂವರೆ ತಿಂಗಳಿಗೆ ಹೂವು ಎಂಬುದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ಹಿಂದಕ್ಕೆ ಎಣಿಸುವ ಕೆಲಸ. ನೀರು ನಿಲ್ಲದಂತೆ ಏರಿಸಿದ ಮಣ್ಣು, ಕೊಟ್ಟಿಗೆ ಗೊಬ್ಬರ, ಗಾಳಿಗೆ ಬೀಳದಂತೆ ಅಡಿಕೆ ದಬ್ಬೆಯ ಆಸರೆ. ಬಸವನಹುಳುವನ್ನು ಮಾತ್ರ ರಾತ್ರಿ ಬ್ಯಾಟರಿ ಹಿಡಿದು ಹೆಕ್ಕಲೇಬೇಕು.

ಈ ಹೂವಿನ ತವರು ಮೆಕ್ಸಿಕೋದ ಎತ್ತರದ ಸೀಮೆ. 1570ರ ದಶಕದಲ್ಲಿ ಸ್ಪೇನ್ ದೊರೆ ಎರಡನೇ ಫಿಲಿಪ್ ಕಳಿಸಿದ ವೈದ್ಯ ಫ್ರಾನ್ಸಿಸ್ಕೋ ಹೆರ್ನಾಂಡೆಜ್ ಅಲ್ಲಿನ ಸಸ್ಯಗಳ ವಿವರ ಬರೆಯುವಾಗ ಇದನ್ನೂ ಸೇರಿಸಿದ. ಬೀಜ ಮ್ಯಾಡ್ರಿಡ್ ಮುಟ್ಟಲು ಮತ್ತೆ ಇನ್ನೂರು ವರ್ಷ ಹಿಡಿಯಿತು. 1791ರಲ್ಲಿ ಅಲ್ಲಿನ ಸಸ್ಯವಿಜ್ಞಾನಿ ಕವಾನಿಯೆಸ್, ಲಿನೇಯಸ್‌ನ ಶಿಷ್ಯ ಆಂಡರ್ಸ್ ಡಾಲ್‌ನ ನೆನಪಿಗೆ ಡೇಲಿಯಾ ಎಂದು ಹೆಸರಿಟ್ಟ. ಯೂರೋಪಿನಲ್ಲಿ ಗಡ್ಡೆಯನ್ನು ತಿನ್ನಲೂ ನೋಡಿದರು, ರುಚಿಸಲಿಲ್ಲ. ಮೆಕ್ಸಿಕೋ 1963ರಲ್ಲಿ ಇದನ್ನು ರಾಷ್ಟ್ರೀಯ ಪುಷ್ಪವೆಂದು ಸಾರಿತು.

ಅಷ್ಟು ದೂರದ ಗಿಡ ನಮ್ಮ ಅಂಗಳಕ್ಕೆ ಇಷ್ಟು ಒಗ್ಗಿದ್ದೇಕೆ? ಅಲ್ಲಿಯೂ ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ. ಆಮೇಲೆ ಒಣ ಚಳಿಗಾಲ, ಆಗ ಗಡ್ಡೆಗೆ ನಿದ್ದೆ. ನಮ್ಮಲ್ಲೂ ಅದೇ ಕ್ರಮ. ಹಗಲು ಚಿಕ್ಕದಾಗುತ್ತ ಬಂದಂತೆ ಗಿಡ ಗಡ್ಡೆ ತುಂಬಿಕೊಳ್ಳುತ್ತದೆ. ಇಂಗ್ಲೆಂಡಿನವರು ಹಿಮಕ್ಕೆ ಹೆದರಿ ಗಡ್ಡೆ ಕೀಳುತ್ತಾರೆ. ನಾವು ಕೀಳುವುದು ಹಂಚಲಿಕ್ಕೆ, ಮತ್ತೆ ಇಲಿ, ಹೆಗ್ಗಣಗಳಿಂದ ಉಳಿಸಲಿಕ್ಕೆ. ಬೂದಿ ಸವರಿ ಒಣ ಮರಳಿನಲ್ಲಿ ಹೂತು ಅಟ್ಟದ ಮೇಲಿಟ್ಟರೆ ಬೇಸಿಗೆ ಕಳೆಯುತ್ತದೆ.

ಈ ಹಂಚಿಕೆಯೇ ನಮ್ಮ ಡೇರೆಯ ಇತಿಹಾಸ ಎಂದು ನಾನು ನಂಬಿದ್ದೇನೆ. ಬೀಜದಿಂದ ತಾಯಿಯಂಥದೇ ಹೂವು ಬಾರದು. ಬೇಕೆಂದರೆ ಗಡ್ಡೆಯೋ ಕುಡಿಯೋ ಕೈಯಿಂದ ಕೈಗೆ ದಾಟಬೇಕು. ಮದುವೆಗೆ ಹೋದವರು, ತವರಿಗೆ ಹೋದವರು ಸೆರಗಿನಲ್ಲಿ ಗಡ್ಡೆ ಕಟ್ಟಿಕೊಂಡು ಬಂದರು. ಕೊಟ್ಟ ಮನೆಯ ಹೆಸರೇ ಹೂವಿನ ಹೆಸರಾಯಿತು. ಒಂದು ಮನೆಯ ಅಂಗಳಕ್ಕೆ ಸಿಮೆಂಟು ಬಿದ್ದರೆ ಅಲ್ಲಿ ಮಾತ್ರ ಇದ್ದ ಬಣ್ಣ ಶಾಶ್ವತವಾಗಿ ಹೋಯಿತೆಂದೇ ಅರ್ಥ. ನರ್ಸರಿಯ ಹೊಸ ಪೊಟ್ಟಣ ಅದನ್ನು ತಂದುಕೊಡದು.

ಆದ್ದರಿಂದ ಈ ಸಲ ಗಡ್ಡೆ ಕೀಳುವಾಗ ಬಣ್ಣ ಯಾವುದು, ಯಾರ ಮನೆಯಿಂದ ಬಂತು ಎಂದು ಒಂದು ಚೀಟಿ ಬರೆದು ಕಟ್ಟಿಡಿ. ಕಣ್ಣಿರುವ ಒಂದು ತುಂಡನ್ನಾದರೂ ಬೇರೆ ಊರಿನ ಮನೆಗೆ ಕೊಡಿ.