ಬರೆದರೆ ತಾನೆ ಕಾಣುವುದು!

ಶಾಲೆಯ ಬೀರುವಿನಲ್ಲಿ ದಾಖಲಾತಿ ರಿಜಿಸ್ಟರು ಇರುತ್ತದೆ. ಮಗುವಿನ ಹೆಸರು, ತಂದೆ ತಾಯಿ, ಜನ್ಮದಿನಾಂಕ ಎಲ್ಲವೂ ಪೂರ್ತಿಯಾಗಿ ಅದರಲ್ಲಿ ಒಮ್ಮೆ ಬರೆದಿರುತ್ತದೆ. ಹಾಜರಿ, ಅಂಕ, ವಿದ್ಯಾರ್ಥಿವೇತನದ ಪುಸ್ತಕಗಳನ್ನು ಅದಕ್ಕೆ ಕಟ್ಟಿಹಾಕುವುದು ದಾಖಲಾತಿ ಸಂಖ್ಯೆ. ಯಾರಾದರೂ ಒಬ್ಬಳ ವಿವರ ಕೇಳಿದರೆ ನಾವು ಆ ಸಂಖ್ಯೆಯ ಜಾಡು ಹಿಡಿದು ನಾಲ್ಕು ಪುಸ್ತಕ ಬಿಡಿಸಿ, ಒಂದು ಹಾಳೆಗೆ ಇಳಿಸಿಕೊಡುತ್ತೇವೆ.

ಕಂಪ್ಯೂಟರಿಗೂ ಇಂಥ ಶಿಸ್ತು ಬೇಕೆಂದು 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಬರೆದರು. ಅದಕ್ಕೆ ಮೊದಲು ಮಾಹಿತಿ ಒಳಗೆ ಯಾವ ದಾರಿಯಲ್ಲಿ ಅಡಗಿದೆಯೆಂದು ತಿಳಿದವನೇ ಅದನ್ನು ತೆಗೆಯಬೇಕಿತ್ತು. ಅಡುಗೆಮನೆಯ ಡಬ್ಬಿಗಳ ಗುಟ್ಟು ಅತ್ತೆಯವರೊಬ್ಬರಿಗೇ ಗೊತ್ತಿರುವ ಹಾಗೆ! ಕಾಡ್ ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿಟ್ಟು, ಗುರುತಿನ ಮೂಲಕ ಒಂದಕ್ಕೊಂದು ಸಂಬಂಧ ಬೆಸೆಯುವ ದಾರಿ ತೋರಿದರು. 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಇಬ್ಬರೂ ಈ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ಪ್ರಕಟಿಸಿದರು. ಇಂದಿನ ಎಸ್‌ಕ್ಯೂಎಲ್ ಅದೇ.

1991ರಲ್ಲಿ ವೆಬ್ ಜನರಿಗೆ ತೆರೆದಾಗ ಅದರ ಪುಟಗಳು ಮೊದಲೇ ಬರೆದಿಟ್ಟ ಕಾಗದಗಳಂತಿದ್ದವು. 1995ರಲ್ಲಿ ಬಂದ ಪಿಎಚ್‌ಪಿ, ಮೈಎಸ್‌ಕ್ಯೂಎಲ್‌ಗಳಿಂದ, ಕೇಳಿದ ಕ್ಷಣದಲ್ಲಿ ಹಲವು ಕೋಷ್ಟಕಗಳನ್ನು ಜೋಡಿಸಿ ಪುಟ ಹೆಣೆಯುವುದು ಸಣ್ಣಪುಟ್ಟವರಿಗೂ ಸುಲಭವಾಯಿತು. ಮೈಎಸ್‌ಕ್ಯೂಎಲ್‌ನ 'ಮೈ' ಎಂದರೆ 'ನನ್ನ' ಎಂದಲ್ಲ. ಅದನ್ನು ಕಟ್ಟಿದ ಫಿನ್ಲೆಂಡಿನ ಮೈಕೇಲ್ ವಿಡೇನಿಯಸ್ ಅವರ ಮಗಳ ಹೆಸರು. ಎಷ್ಟು ಚೆಂದ ಅಲ್ಲವೇ?

ಈಗ ನಮ್ಮ ಅಪ್ಪಂದಿರ ಪಹಣಿಗೆ ಬನ್ನಿ. 'ಭೂಮಿ' ಯೋಜನೆಯಿಂದ ಕರ್ನಾಟಕದ ಕೈಬರಹದ ಪಹಣಿಗಳು ಕಂಪ್ಯೂಟರಿಗೇರಿದವು. ಸರ್ವೆ ನಂಬರು ಕೊಟ್ಟರೆ ಜಮೀನಿನ ವಿಸ್ತೀರ್ಣ, ಯಜಮಾನರ ಹೆಸರು, ಬೆಳೆ, ಸಾಲ ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತವೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಸಮಪಾಲು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದನ್ನು ಕೊಟ್ಟಿತು.

ಆದರೆ ಹಕ್ಕು ಕಾನೂನಿನಲ್ಲಿದ್ದರೆ ಸಾಲದು. ತಂದೆ ತೀರಿಕೊಂಡು ಪೌತಿ ಖಾತೆಗೆ ಅರ್ಜಿ ಕೊಡುವಾಗ ವಂಶವೃಕ್ಷದಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಬರೆಸಿದರೆ, ಎಂಥ ಯಂತ್ರವೂ ಅಕ್ಕತಂಗಿಯರನ್ನು ಹುಡುಕಿ ತರಲಾರದು. ಅದು ಬರೆದದ್ದನ್ನು ಮಾತ್ರ ಜೋಡಿಸಿ ತೋರಿಸುತ್ತದೆ. ಪಾಲು ತೆಗೆದುಕೊಳ್ಳುವುದು, ತವರಿಗೇ ಬಿಡುವುದು ನಿಮ್ಮಿಷ್ಟ. ಹೆಸರನ್ನು ಮಾತ್ರ ಬಿಡಬೇಡಿ. ಆ ವಂಶವೃಕ್ಷವನ್ನು ಒಮ್ಮೆ ಕೇಳಿ, ಓದಿ ನೋಡಿ.